ಮನೆ ಮುಂದೆ ಕಾರು ನಿಲ್ಲಿಸುವುದಿಲ್ಲ

ವೈಶಾಲಿಯ ಹತ್ತಿರ ಡ್ರೈವಿಂಗ್ ಕಲಿತವರೆಲ್ಲ ಇವತ್ತಲ್ಲ ನಾಳೆ ಪಾಸಾಗುತ್ತಿದ್ದರು. ಆದರೆ ಅವಳ ಹತ್ತಿರ ಕಲಿತೆವೆಂದು ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಅವಳ ವ್ಯಾಪಾರದ ತಲೆನೋವು ಇದೊಂದೇ.

ಸ್ಯಾನ್ ಡಿಯಾಗೋದ ಮೀರಾ ಮೆಸಾದಲ್ಲಿ ಕಾರಿಲ್ಲದವರಿಗೆ ಉಪ್ಪೂ ಹುಟ್ಟುವುದಿಲ್ಲ. ಹುಬ್ಬಳ್ಳಿ, ಪುಣೆ, ಹೈದರಾಬಾದಿನಲ್ಲಿ ಸ್ಕೂಟರ್ ಮೇಲೆ ಎಮ್ಮೆ, ಆಟೋ, ಲಾರಿಗಳ ನಡುವೆ ತೂರಿಕೊಂಡು ಹೋಗುತ್ತಿದ್ದ ಗಟ್ಟಿಗಿತ್ತಿಯರೇ ಇಲ್ಲಿಯ ಫ್ರೀವೇ ಕಂಡರೆ ಕೈಕಾಲು ತಣ್ಣಗಾಗಿ ಕೂರುತ್ತಿದ್ದರು. ಅಂಥವರು ಗುಟ್ಟಾಗಿ ವೈಶಾಲಿಗೆ ಫೋನ್ ಮಾಡುತ್ತಿದ್ದರು, ಕಲಿಯುತ್ತಿದ್ದರು, ಲೈಸೆನ್ಸ್ ಕೈಗೆ ಬಂತೋ ಇಲ್ಲವೋ ನಾಪತ್ತೆ. ಕನ್ನಡ ಸಂಘದ ಊಟದಲ್ಲಿ ಒಬ್ಬಾಕೆ, "ನಾನು ಊರಲ್ಲೇ ಕಾರ್ ಓಡಿಸ್ತಿದ್ದೆ ಕಣ್ರಿ, ಇಲ್ಲಿ ಬಂದು ಸೀದಾ ಟೆಸ್ಟ್ ಕೊಟ್ಟೆ" ಎಂದು ನಾಲ್ಕು ಜನರ ಮುಂದೆ ಕೊಚ್ಚಿಕೊಂಡಳು. ಸಾಲದ್ದಕ್ಕೆ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದ ವೈಶಾಲಿಯ ಕಡೆ ತಿರುಗಿ, "ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆಯಲ್ಲ?" ಎಂದಳು. ಎರಡು ಕಾರುಗಳ ಮಧ್ಯೆ ಕಾರು ನಿಲ್ಲಿಸುವುದನ್ನು ಆಕೆಗೆ ಕಲಿಸಿ ಕಲಿಸಿ ವೈಶಾಲಿಯ ಕುತ್ತಿಗೆಯೇ ಉಳುಕಿತ್ತು! "ಇರಬಹುದ್ರಿ" ಎಂದು ಅವಳು ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡಳು.

ಈ ಶಾಲೆ ಹುಟ್ಟಿದ್ದು ಕೊರೋನಾ ಕಾಲದಲ್ಲಿ. ಎಲ್ಲರೂ ಮನೆಯಲ್ಲಿ ಕೂತಿದ್ದಾಗ ಪಕ್ಕದ ಮನೆಯ ಪ್ರೇಮವ್ವನಿಗೆ ಒಂದು ಚರ್ಚಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಹೊತ್ತು ಕಳೆಯಲೆಂದು ಸ್ಟಿಯರಿಂಗ್ ಹಿಡಿಸಿದ್ದಳು. ಬೇರೆಯವರ ಕಾಲು ನಡುಗುವಾಗ ತನ್ನ ದನಿ ನಡುಗುವುದಿಲ್ಲ ಎಂದು ಅವಳಿಗೆ ಆವತ್ತು ಗೊತ್ತಾಯಿತು. ಕ್ಲಿನಿಕ್ಕಿನ ರಿಸೆಪ್ಷನ್ ಕೆಲಸ ಬಿಟ್ಟಳು, ಇನ್‌ಸ್ಟ್ರಕ್ಟರ್ ಪರೀಕ್ಷೆ ಬರೆದಳು, ಸ್ಕೂಲಿಗೆ ಲೈಸೆನ್ಸ್ ತೆಗೆದಳು. ಕಲಿಸುವವರ ಕಾಲಡಿಯಲ್ಲೂ ಒಂದು ಬ್ರೇಕ್ ಇರುವ ಕಾರು ಕೊಂಡು, ಅದರ ನೆತ್ತಿಯ ಮೇಲೆ ‘ಧೈರ್ಯ ಡ್ರೈವಿಂಗ್ ಸ್ಕೂಲ್’ ಎಂಬ ಹಳದಿ ಬೋರ್ಡು ಕೂರಿಸಿದಳು. ಗಂಡ ಅಮೋಘ ಬೇಡವೆನ್ನಲಿಲ್ಲ. ಆದರೆ 2023ರ ಹೊಸ ವರ್ಷಕ್ಕೆ ಇಬ್ಬರೂ ಕೂತು ಒಂದು ಮಾತು ಆಡಿಕೊಂಡರು: ದೀಪಾವಳಿಯೊಳಗೆ ಕಾರು ದಿನಾ ಓಡುವಂತಾಗಬೇಕು, ಇಲ್ಲದಿದ್ದರೆ ಬೋರ್ಡು ಇಳಿಸಿ ಮತ್ತೆ ಕ್ಲಿನಿಕ್ಕಿಗೆ.

ಅಮೋಘನ ಕಾಲೇಜು ಗೆಳೆಯ ಜಿತೇಶ್ ಉಡುಪಿಯವನು, ಲಾಸ್ ಏಂಜಲಿಸ್ ಹತ್ತಿರದ ವೆಸ್ಟ್ ಕೊವಿನಾದಲ್ಲಿದ್ದ. ಹೊಸದಾಗಿ ಅಂಗಡಿ ತೆರೆದವರನ್ನು ಜನರ ಫೋನಿನಲ್ಲಿ ಕಾಣಿಸುವಂತೆ ಮಾಡುವುದು ಅವನ ಕಸುಬು. ಹಲ್ಲಿನ ಡಾಕ್ಟರು, ಯೋಗದ ಟೀಚರು, ದೋಸೆಯ ಟ್ರಕ್ಕು ಎಲ್ಲ ಅವನ ಗಿರಾಕಿಗಳೇ. ವೈಶಾಲಿಯ ಕೈಯ ಶೇಂಗಾ ಚಟ್ನಿ ಒಂದು ಡಬ್ಬಿ ಮುಟ್ಟಿದರೆ ಸಾಕು, ವಿಡಿಯೋ ಕಾಲಿನಲ್ಲಿ ಎಷ್ಟು ಹೊತ್ತಾದರೂ ಕೂರುತ್ತಿದ್ದ.

"ಮೊದಲು ರಿವ್ಯೂ ಬೇಕು ಅತ್ತಿಗೆ. ರಿವ್ಯೂ ಇಲ್ಲದೆ ಈ ಊರಲ್ಲಿ ನಾಯಿ ಕೂಡ ಮೂಸುದಿಲ್ಲ" ಎಂದ.

ಅವಳು ಹಳೆಯ ವಿದ್ಯಾರ್ಥಿನಿಯರಿಗೆಲ್ಲ ಮೆಸೇಜ್ ಹಾಕಿದಳು. ಕೈಮುಗಿದ ಚಿತ್ರ ಬಂದವು, ಕೆಂಪು ಹೃದಯ ಬಂದವು, ರಿವ್ಯೂ ಬರಲಿಲ್ಲ. ಒಬ್ಬಳು ಧೈರ್ಯ ಮಾಡಿ ಐದು ಸ್ಟಾರ್ ಕೊಟ್ಟು ಉದ್ದಕ್ಕೆ ಬರೆದಳು, ಆದರೆ ಗಂಡನ ಅಕೌಂಟಿನಿಂದ. ಓದಿದವರಿಗೆ ಆ ಪುಣ್ಯಾತ್ಮನೇ ಫ್ರೀವೇಗೆ ಹೆದರಿ ಅಳುತ್ತಿದ್ದ ಎಂಬ ಹಾಗಿತ್ತು. ಎರಡನೇ ದಿನ ಅದೂ ಮಾಯವಾಯಿತು. ಕಾರಿನ ಫೋಟೋ ಹಾಕಿ ಜಾಹೀರಾತು ಕೊಟ್ಟದ್ದಕ್ಕೆ ಲೈಕ್ ಬಂದದ್ದು ಹುಬ್ಬಳ್ಳಿ, ಬೆಳಗಾವಿಯ ಬೀಗರಿಂದ. ಅವರಿಗೆ ಮೀರಾ ಮೆಸಾದಲ್ಲಿ ಕಾರು ಕಲಿಸಲು ಹೇಗೆ ಸಾಧ್ಯ?

"ಮುಖ ಬೇಕು ಅತ್ತಿಗೆ" ಎಂದ ಜಿತೇಶ್. "ಕಾರನ್ನು ಯಾರು ನೋಡ್ತಾರೆ? ಕಲಿತವರ ಒಂದು ಮುಖ, ಒಂದು ಕಥೆ. ಅಷ್ಟು ಸಿಕ್ಕಿದ್ರೆ ಉಳಿದದ್ದು ನನಗೆ ಬಿಡಿ."

ಆ ಮುಖ ಶಾರದವ್ವನದಾಯಿತು.

ಶಾರದವ್ವ ಗದಗ ಕಡೆಯವಳು, ಅರವತ್ತರ ಹತ್ತಿರದ ಹೆಂಗಸು. ಮಗ ಬಸವಪ್ರಸಾದನ ಜೊತೆ ಇಲ್ಲೇ ನೆಲೆಸಿ ಕೆಲವು ವರ್ಷವಾಗಿತ್ತು. ಮಗನೂ ಸೊಸೆಯೂ ಬಂಗಾರದಂಥವರು, ಯಾವುದಕ್ಕೂ ಕೊರತೆಯಿಲ್ಲ. ಆದರೆ ಅಂಗಡಿಗೆ ಹೋಗುವುದು ಮಾತ್ರ ಶನಿವಾರ. "ಒಂದ ಕಟ್ಟ ಕೊತ್ತಂಬ್ರಿ ತರಬೇಕಂದ್ರ ಶನಿವಾರದ ತನಕ ಕಾಯಬೇಕು ನೋಡವಾ" ಎಂದಿದ್ದಳು ಮೊದಲ ದಿನ. "ಮಂಗಳವಾರ ಸಾರಿಗೆ ಕುದಿ ಬರತಿರತದ, ಮ್ಯಾಲೆ ಉದುರಸಾಕ ಕೊತ್ತಂಬ್ರಿ ಇರಂಗಿಲ್ಲ. ಮಗಗ ಹೇಳಿದ್ರ ಆಫೀಸ್ ಬಿಟ್ಟ ಓಡಿ ಬರ್ತಾನ. ಅದಕ್ಕ ಹೇಳಂಗಿಲ್ಲ."

ಮನೆಯವರು ಕೆಲಸಕ್ಕೆ ಹೊರಟ ಮೇಲೆ, ಇಳಕಲ್ ಸೀರೆಗೆ ಬಿಳಿ ಸ್ಪೋರ್ಟ್ಸ್ ಶೂ ಹಾಕಿಕೊಂಡು ಅವಳು ಬೀದಿಯ ಕೊನೆಗೆ ಬಂದು ನಿಲ್ಲುತ್ತಿದ್ದಳು. ಕೈ ಗಟ್ಟಿ, ಕಣ್ಣು ಚುರುಕು. ಒಂದೇ ತಕರಾರು: ಲೇನ್ ಬದಲಿಸುವಾಗ ಕತ್ತು ಹೊರಳಿಸಿ ಭುಜದ ಹಿಂದೆ ನೋಡುತ್ತಿರಲಿಲ್ಲ. "ಹಿಂದಿನವರು ತಾವ ನೋಡಕೊಂಡ ಬರ್ತಾರ, ಅವರಿಗೇನ ಕಣ್ಣಿಲ್ಲೇನು?" ಎಂಬ ವಾದ ಬೇರೆ. ಆ ವಾದಕ್ಕೆ ಲೈಸೆನ್ಸ್ ಕೊಡುವ ಡಿಎಂವಿ ಕಚೇರಿಯ ಪರೀಕ್ಷಕರು ಸೊಪ್ಪು ಹಾಕಲಿಲ್ಲ. ಎರಡು ಸಲ ಫೇಲು. ಎರಡನೇ ಸಲ ಕಾರಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅತ್ತವಳು, ಮರುದಿನ ಅದೇ ಬೀದಿಯ ಕೊನೆಗೆ ಅದೇ ಶೂ ಹಾಕಿಕೊಂಡು ನಿಂತಿದ್ದಳು. ವೈಶಾಲಿಗೆ ಆ ಮುದುಕಿಯೆಂದರೆ ಜೀವವಾಗಿತ್ತು.

ಮಗನಿಗೆ ಹೇಗೆ ಹೇಳುವುದೆಂದು ಶಾರದವ್ವ ಪೂರ್ತಿ ನಾಟಕವನ್ನೇ ಕಟ್ಟಿಕೊಂಡಿದ್ದಳು. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಅದರ ತಾಲೀಮು. "ಪಾಸಾದ ಮ್ಯಾಲೆ ಬರೂ ಶನಿವಾರ ಬಸು ಅಂಗಡಿಗೆ ಹೊಂಡ್ತಾನಲಾ, ಅವನಕಿಂತ ಮೊದಲ ಹೋಗಿ ಡ್ರೈವರ್ ಸೀಟಿನ್ಯಾಗ ಕುಂದರಾಕಿ ನಾ. ‘ಏನ ನೋಡ್ತೀ, ಹತ್ತು’ ಅನ್ನಾಕಿ. ಅವನ ಮಾರಿ ನೋಡಬೇಕವಾ ನಾ ಆವಾಗ!" ಎಂದು ತಾನೇ ನಗುತ್ತಿದ್ದಳು. ಹಿಂದಿನ ಕಾರಿನವನು ಹಾರ್ನ್ ಹೊಡೆದರೆ ಮಾತ್ರ ಈ ಲೋಕಕ್ಕೆ ಬರುತ್ತಿದ್ದಳು.

ಜೂನ್ ತಿಂಗಳ ಒಂದು ಗುರುವಾರ ಶಾರದವ್ವ ಪಾಸಾದಳು. ಕೈಯಲ್ಲಿ ಕಾಗದ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಾರ್ಕಿಂಗ್ ಲಾಟಿನ ತುಂಬ ಓಡಿ ಬಂದಳು. "ಪಾಸ ಆದ್ನ್ಯವಾ! ಕತ್ತ ಹೊಳ್ಳಿಸಿ ಹೊಳ್ಳಿಸಿ ನೋಡೀನಿ, ಸಾಕಪಾ ಅಂದ ಅಂವ!" ಎಂದು ವೈಶಾಲಿಯ ಎರಡೂ ಕೆನ್ನೆ ಹಿಡಿದು ಲಟಿಗೆ ಮುರಿದಳು. ಮಗನಿಗೆ ತೋರಿಸಲು ಇರಲಿ ಎಂದು ವೈಶಾಲಿ ಅಷ್ಟನ್ನೂ ಫೋನಿನಲ್ಲಿ ಹಿಡಿದಿದ್ದಳು.

ಮನೆ ಕಡೆ ಹೊರಟಾಗ ಅವಳು ಕೇಳಿದಳು, "ಅವ್ವಾರ, ಈ ವಿಡಿಯೋ ನಮ್ಮ ಸ್ಕೂಲಿನ ಪೇಜಿಗೆ ಹಾಕ್ಲೇನ್ರಿ?"

ಶಾರದವ್ವ ಕಿಟಕಿಯ ಕಡೆ ತಿರುಗಿದಳು. "ನಿನಗ ಹೆಂಗ ತಿಳೀತದ ಹಂಗ ಮಾಡವಾ" ಎಂದಳು. ಆಮೇಲೆ, "ಈ ನೀಲಿ ಹೂವಿನ ಗಿಡಕ್ಕ ಏನಂತಾರ? ಎಲಿನ ಇಲ್ಲ, ಬರೇ ಹೂವ ಅದಾವ ನೋಡು" ಎಂದಳು.

ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವಳಿಗೆ ಇದರ ಅರ್ಥ ಯಾರಾದರೂ ಹೇಳಿಕೊಡಬೇಕೆ? ಹಿರಿಯರು ಮುಖದ ಮೇಲೆ ಬೇಡ ಎನ್ನುವುದಿಲ್ಲ. ಎದುರಿನವರಿಗೆ ಬಿಟ್ಟುಕೊಟ್ಟು, ಮಾತು ಬೇರೆ ಕಡೆ ತಿರುಗಿಸುತ್ತಾರೆ. ಬುದ್ಧಿಯಿದ್ದವರು ಅಲ್ಲಿಗೇ ಕೈಬಿಡುತ್ತಾರೆ. ವೈಶಾಲಿಯ ಅವ್ವನೂ ಹೀಗೇ, ಅಜ್ಜಿಯೂ ಹೀಗೇ. ಅವಳಿಗೆ ಚೆನ್ನಾಗಿ ತಿಳಿಯಿತು. ತಿಳಿದ ಮೇಲೆಯೂ, ‘ಮಾಡು ಅಂದರಲ್ಲ’ ಎಂದು ತನಗೆ ತಾನೇ ಹೇಳಿಕೊಂಡಳು. ದೀಪಾವಳಿ ಕಣ್ಣ ಮುಂದೆ ಕುಣಿಯುತ್ತಿತ್ತು.

ಜಿತೇಶ್ ವಿಡಿಯೋ ನೋಡಿ ಕುರ್ಚಿಯಿಂದ ಎದ್ದೇ ಬಿಟ್ಟ. "ಎಂತ ಮುಖ ಮಾರಾಯ್ರೇ! ಇವತ್ತೇ ಹಾಕುವ. ವೀಕೆಂಡಿನ ಒಳಗೆ ಓಡಬೇಕು ಇದು." ಇಳಕಲ್ ಸೀರೆ, ಬಿಳಿ ಶೂ, ಓಟ, ಲಟಿಗೆ, ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಸಂಜೆಗೆ ಹಾಕಿದರು.

ಓಡಿತು ನೋಡಿ, ಹೇಗೆ ಓಡಿತು! ಶುಕ್ರವಾರ ಬೆಳಿಗ್ಗೆ ವೈಶಾಲಿಯ ಫೋನು ಕೆಳಗಿಡಲು ಬಿಡಲಿಲ್ಲ. ಅರ್ವೈನ್‌ನಿಂದ ಕೇಳಿದರು, ಚೂಲಾ ವಿಸ್ತಾದಿಂದ ಕೇಳಿದರು, ಆರ್ಟೀಷಿಯಾದ ಒಬ್ಬ ಗುಜರಾತಿ ಅಜ್ಜಿ ಮೊಮ್ಮಗಳ ಕೈಯಲ್ಲಿ ಫೋನ್ ಮಾಡಿಸಿದಳು. ಅಮೋಘ ತಾನೇ ಚಹಾ ಮಾಡಿ ತಂದು, "ತಗೋರಿ ಮೇಡಂ, ಇನ್ನ ನಾವು ನಿಮ್ಮ ಸೆಕ್ರೆಟರಿ" ಎಂದ. ವೈಶಾಲಿ ನಕ್ಕಳು.

ಮಧ್ಯಾಹ್ನ ಶಾರದವ್ವನ ಫೋನ್ ಬಂತು.

"ಬಸುಗ ಗೊತ್ತಾತವಾ. ಆಫೀಸಿನ್ಯಾಗ ಯಾರೋ ತೋರ್ಸ್ಯಾರ."

ವೈಶಾಲಿ ಕೇಳಿದಳು, "ಬೈದ್ರೇನ್ರಿ?"

"ಬೈದಿದ್ರ ಛಲೋ ಇತ್ತು. ಮನಿಗೆ ಬಂದು, ‘ಊರಿಗೆಲ್ಲಾ ಗೊತ್ತಾದ ಮ್ಯಾಲೆ ನನಗ ಗೊತ್ತಾತಲ್ಲವಾ’ ಅಂದ. ಅಂದು ಸುಮ್ನ ಕುಂತಾನ. ಊಟ ಮಾಡಿಲ್ಲ." ಶಾರದವ್ವ ದನಿ ತಗ್ಗಿಸಿದಳು. "ನಾ ಹೇಳಬೇಕಂತ ಇಟಗೊಂಡಿದ್ದೆ ತಂಗಿ. ನನ್ನ ಮಾತ ನೀ ಹೇಳಿಬಿಟ್ಟಿ."

ಫೋನ್ ಇಟ್ಟಳು. ಶನಿವಾರಕ್ಕೆ ಇನ್ನು ಒಂದೇ ದಿನವಿತ್ತು.

ವೈಶಾಲಿ ಜಿತೇಶನಿಗೆ ವಿಡಿಯೋ ತೆಗೆಯುತ್ತೇನೆಂದಳು. ಅವನು ಹೌಹಾರಿದ. "ಎಂತ ಹೇಳ್ತಿದ್ದೀರಿ ಅತ್ತಿಗೆ? ಇಂಥದ್ದು ಒಂದು ಬರ್ಲಿಕ್ಕೆ ಜನ ವರ್ಷಗಟ್ಟಲೆ ಕಾಯ್ತಾರೆ. ಬೇಕಾದ್ರೆ ಮುಖ ಬ್ಲರ್ ಮಾಡುವ."

"ಮುಖ ಬ್ಲರ್ ಆಗ್ತದರಿ. ಅವರ ಮಗಗ ಗೊತ್ತಾದದ್ದು ಬ್ಲರ್ ಆಗ್ತದೇನು?" ಎಂದು ಅವಳು ತಾನೇ ಅಳಿಸಿದಳು. ಅಳಿಸಿದರೇನು ಬಂತು, ವಾಟ್ಸ್ಯಾಪ್ ಗುಂಪುಗಳಲ್ಲಿ ಅದು ಇನ್ನೂ ಕೆಲವು ದಿನ ತಿರುಗುತ್ತಲೇ ಇತ್ತು.

ಭಾನುವಾರ ಅವಳು ಶಾರದವ್ವನ ಮನೆಗೆ ಹೋದಳು. ಶಾರದವ್ವ ಚೂಡಾ ಕೊಟ್ಟಳು, ಚಹಾ ಕೊಟ್ಟಳು, ಮಳೆ ಬೆಳೆ ಮಾತಾಡಿದಳು. ವೈಶಾಲಿ ತಟ್ಟೆ ಬದಿಗಿಟ್ಟಳು.

"ತಪ್ಪಾತ್ರಿ ಅವ್ವಾರ. ನಿಮಗ ಮನಸಿಲ್ಲಂತ ನನಗ ತಿಳಿದಿತ್ತು. ತಿಳಿದೂ ಹಾಕಿದೆ. ನನ್ನ ಸ್ಕೂಲಿಗೆ ಬೇಕಾಗಿತ್ತು ಅಂತ ಹಾಕಿದೆ."

"ಚಾ ಆರತದ, ಕುಡಿ" ಎಂದಳು ಶಾರದವ್ವ.

ಬಾಗಿಲವರೆಗೆ ಬಿಡಲು ಬಂದವನು ಬಸವಪ್ರಸಾದ್. ಮಾತು ಮೃದುವಾಗಿಯೇ ಇತ್ತು. "ಅವ್ವ ಡ್ರೈವ್ ಮಾಡಬಾರದು ಅಂತ ನಾನೇನೂ ಹೇಳಿಲ್ಲ ಮೇಡಂ. ಅವಳೇ ಕೀಲಿ ಮುಟ್ತಾ ಇಲ್ಲ. ನಿನ್ನೆ ಅಂಗಡಿಗೂ ಬರಲಿಲ್ಲ, ಕೊತ್ತಂಬರಿ ನಾನೇ ತಂದೆ."

ಅವನು ರೇಗಾಡಿದ್ದರೆ ವೈಶಾಲಿ ಹೇಗೋ ತಡೆದುಕೊಳ್ಳುತ್ತಿದ್ದಳು. ಬಾಗಿಲ ಪಕ್ಕದ ಗೂಟದಲ್ಲಿ ಕಾರಿನ ಕೀಲಿ ತೂಗುತ್ತಿತ್ತು. ಅವಳು ತನ್ನ ಕಾರಿಗೆ ಹತ್ತಿ, ಬೀದಿಯ ಕೊನೆಯಲ್ಲಿ, ಶಾರದವ್ವ ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲಿಸಿ ಮನಸಾರೆ ಅತ್ತಳು.

ಜುಲೈ ಕಳೆಯುವಷ್ಟರಲ್ಲಿ ಫೋನುಗಳು ನಿಂತವು. ವಿಡಿಯೋ ನೋಡಿ ಕೇಳಿದವರಲ್ಲಿ ನಿಜವಾಗಿ ಕಲಿಯಲು ಬಂದವರು ಬೆರಳೆಣಿಕೆಯಷ್ಟು. ಇದು ಯಾಕೆ ಎಂದು ವೈಶಾಲಿಗೆ ತಲೆ ಕೊರೆಯುತ್ತಿತ್ತು. ಕಡೆಗೆ ಒಂದು ಭಾನುವಾರ ಹದಿನೈದನೇ ನಂಬರಿನ ಫ್ರೀವೇ ಹಿಡಿದು ವೆಸ್ಟ್ ಕೊವಿನಾಕ್ಕೇ ಹೋದಳು. ಬೋರ್ಡು ಇಳಿಸುವ ಮೊದಲು ಚಟ್ನಿಯ ಋಣವಾದರೂ ತೀರಲಿ ಎಂದು ಡಬ್ಬಿ ಹಿಡಿದೇ ಹೋಗಿದ್ದಳು.

"ಅವರೆಲ್ಲ ಫೋನ್ ಮಾಡಿ ಮೊದಲು ಎಂತ ಕೇಳಿದ್ರು? ಫೀಸಾ?" ಎಂದ ಜಿತೇಶ್, ದೋಸೆ ಮಗುಚುತ್ತ.

ವೈಶಾಲಿ ಯೋಚಿಸಿದಳು. ಫೀಸಲ್ಲ. ಅವಳಿಗೆ ಒಮ್ಮೆಗೇ ಹೊಳೆಯಿತು. "‘ನಮ್ಮ ವಿಡಿಯೋನೂ ಹಾಕ್ತೀರೇನು?’ ಅಂತ ಕೇಳಿದ್ರು. ‘ಹಾಂ, ಹಾಕೂಣ್ರಿ’ ಅಂದಿದ್ದೆ ನಾನು. ಇನ್ನ ಕೆಲವರು, ‘ಆ ಹಳದಿ ಬೋರ್ಡಿನ ಕಾರ್ ನಮ್ಮ ಮನಿ ಮುಂದನ ನಿಲ್ಲಿಸ್ತೀರೇನು’ ಅಂತ. ‘ಬಾಗಲಿಗೇ ಬರ್ತೀನಿ, ನೀವ್ ನಡೀಬ್ಯಾಡ್ರಿ’ ಅಂತಿದ್ದೆ. ಉಪಕಾರ ಮಾಡ್ಲಿಕತ್ತೀನಿ ಅನ್ಕೊಂಡಿದ್ದೆ!"

ಜಿತೇಶ್ ಒಲೆ ಆರಿಸಿ ಲ್ಯಾಪ್‌ಟಾಪ್ ತೆರೆದ. ಜನ ಫೋನಿನಲ್ಲಿ ಏನೇನು ಹುಡುಕುತ್ತಾರೆ, ಯಾವ ಹೊತ್ತಿನಲ್ಲಿ ಹುಡುಕುತ್ತಾರೆ ಎಂಬುದನ್ನು ತೋರಿಸುವ ಒಂದು ಪುಟ ಅದು. ‘ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿಯಬಹುದೇ’, ‘ಫ್ರೀವೇ ಭಯ’, ‘ಟೆಸ್ಟ್ ಮತ್ತೆ ಫೇಲ್’. ಹೆಚ್ಚಿನವು ಬೆಳಗಿನ ಹತ್ತರ ಆಸುಪಾಸು, ಅದೂ ಕೆಲಸದ ದಿನ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು.

"ಇದನ್ನು ನಾನು ಮೊದಲೇ ನೋಡ್ಬೇಕಿತ್ತು" ಎಂದು ಅವನು ತಲೆ ಕೆರೆದುಕೊಂಡ. "ಲೈಕ್ ಕೊಟ್ರೆ ನಾಲ್ಕು ಜನರಿಗೆ ಕಾಣ್ತದೆ, ರಿವ್ಯೂ ಬರೆದ್ರೆ ಊರಿಗೇ ಕಾಣ್ತದೆ. ಹುಡುಕಿದ್ದು ಯಾರಿಗೂ ಕಾಣುದಿಲ್ಲ. ನಿಮ್ಮ ಗಿರಾಕಿ ಇರುದು ಇಲ್ಲಿ ಅತ್ತಿಗೆ. ನಾವು ಅವರನ್ನು ಜಾತ್ರೆಯಲ್ಲಿ ಹುಡುಕ್ತಾ ಇದ್ದೆವು."

ರೀಲು ಬೇಡ, ಫೋಟೋ ಬೇಡ, ರಿವ್ಯೂ ಬೇಡುವುದೂ ಬೇಡ. ಹುಡುಕುವವರಿಗಷ್ಟೇ, ಆ ಹೊತ್ತಿನಲ್ಲಷ್ಟೇ ಕಾಣುವ ಬರೀ ಅಕ್ಷರದ ಜಾಹೀರಾತು ಸಾಕು ಎಂದು ಮಾತಾಯಿತು. ಅಕ್ಷರಗಳನ್ನು ವೈಶಾಲಿಯೇ ಬರೆದಳು. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ‘ನಿಮ್ಮ ಮನೆ ಮುಂದೆ ಕಾರು ನಿಲ್ಲಿಸುವುದಿಲ್ಲ. ನಿಮ್ಮ ಫೋಟೋ ತೆಗೆಯುವುದಿಲ್ಲ. ಹೊರಗೆ ಸಿಕ್ಕರೆ ಪರಿಚಯ ತೋರಿಸುವುದಿಲ್ಲ. ಹೇಳುವುದಿದ್ದರೆ ನೀವೇ ಹೇಳಿ.’

ಜಿತೇಶ್ ಎರಡು ಸಲ ಓದಿದ. "ಇದೆಂತ ಜಾಹೀರಾತು ಮಾರಾಯ್ರೇ, ಬರೀ ಇಲ್ಲ ಇಲ್ಲ ಅಂತಲೇ ಉಂಟಲ್ಲ?" ಎಂದ. ಮೂರನೇ ಸಲ ಓದಿ ಕೊನೆಯ ಸಾಲಿನ ಹತ್ತಿರ ನಿಂತ. "ಇರಲಿ. ಹೀಗೇ ಇರಲಿ" ಎಂದ.

ಆಗಸ್ಟಿನಲ್ಲಿ ದಿನಕ್ಕೊಂದು ಫೋನು ಬರತೊಡಗಿತು, ಸೆಪ್ಟೆಂಬರಿನಲ್ಲಿ ಕಾರಿಗೆ ಬಿಡುವಿಲ್ಲದಾಯಿತು. ಹೆಂಗಸರು ಪಿಸುದನಿಯಲ್ಲಿ ಮಾತಾಡುತ್ತಿದ್ದರು, ಒಬ್ಬರ ಹೆಸರು ಇನ್ನೊಬ್ಬರು ಹೇಳುತ್ತಿರಲಿಲ್ಲ, ಆದರೂ ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರು. ಇಂಡಿಯನ್ ಕಿರಾಣಿ ಅಂಗಡಿಯ ಪಾರ್ಕಿಂಗ್ ಲಾಟಿನ ಮೂಲೆ, ತಳ್ಳುಗಾಡಿ ನಿಲ್ಲಿಸುವ ಜಾಗವೇ ಅವರು ಕಾರು ಹತ್ತುವ ತಾಣ. ನೋಡಿದವರಿಗೆ ತರಕಾರಿಗೆ ಬಂದ ಹಾಗೆ. ಈಗ ಸಂಘದ ಊಟದಲ್ಲಿ ಯಾರಾದರೂ ಊರಲ್ಲೇ ಓಡಿಸುತ್ತಿದ್ದೆ ಎಂದರೆ ವೈಶಾಲಿ, "ಹೌದೇನ್ರಿ, ಭಾರಿ ಬಿಡ್ರಿ" ಎನ್ನುತ್ತಿದ್ದಳು. ಬೋರ್ಡು ಇಳಿಸುವ ಮಾತು ಮನೆಯಲ್ಲಿ ಮತ್ತೆ ಏಳಲಿಲ್ಲ. ಇಷ್ಟಾದರೂ ಅವಳಿಗೆ ಪೂರ್ತಿ ಖುಷಿ ಇರಲಿಲ್ಲ. ಶಾರದವ್ವನ ನಂಬರಿಗೆ ಗಣೇಶ ಚೌತಿಗೆ ಮಾಡಿದ ಫೋನನ್ನೂ ಯಾರೂ ಎತ್ತಿರಲಿಲ್ಲ.

ಅಕ್ಟೋಬರಿನ ಒಂದು ಬೆಳಿಗ್ಗೆ ಅದೇ ಮೂಲೆಯಲ್ಲಿ ಹೊಸಬಳೊಬ್ಬಳಿಗಾಗಿ ಕಾಯುತ್ತ ಕೂತಿದ್ದಾಗ ಬೂದುಬಣ್ಣದ ಒಂದು ಕಾರು ಲಾಟಿನೊಳಗೆ ಬಂತು. ಗೆರೆಯ ನಡುವೆ ನಿಲ್ಲಿಸಲು ನೋಡಿ, ಸೊಟ್ಟವಾಗಿ, ಹಿಂದೆ ತೆಗೆದು, ಮತ್ತೆ ನಿಲ್ಲಿಸಿತು. ಬಾಗಿಲು ತೆರೆದು ಮೊದಲು ಹೊರಬಂದದ್ದು ಬಿಳಿ ಶೂ. ಆಮೇಲೆ ಇಳಕಲ್ ಸೀರೆಯ ಅಂಚು. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ.

ವೈಶಾಲಿಗೆ ಬಾಗಿಲು ತೆಗೆದು ಓಡಬೇಕೆನಿಸಿತು. ಬಾಗಿಲ ಹಿಡಿಯ ಮೇಲೆ ಕೈಯೂ ಹೋಗಿತ್ತು. ‘ಹೊರಗೆ ಸಿಕ್ಕರೆ ಪರಿಚಯ ತೋರಿಸುವುದಿಲ್ಲ’ ಎಂದು ಬರೆದವಳು ತಾನೇ. ಕೈ ತೆಗೆದು ಮಡಿಲಲ್ಲಿಟ್ಟುಕೊಂಡು, ತಲೆ ತಗ್ಗಿಸಿ ಫೋನು ನೋಡುವವಳಂತೆ ಕೂತಳು. ಫೋನು ಆರಿತ್ತು. ಶಾರದವ್ವ ಅಂಗಡಿಯೊಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಕಿಟಕಿಯ ಗಾಜಿನ ಮೇಲೆ ಬಳೆಯ ಸದ್ದಾಯಿತು.

"ಏನವಾ, ಗುರ್ತ ಸಿಗಲಿಲ್ಲೇನು?"

ವೈಶಾಲಿ ಗಾಜು ಇಳಿಸಿದಳು. "ಸಿಕ್ತ್ರಿ ಅವ್ವಾರ. ಮಾತಾಡಸಬಾರದಂತ ರೂಲ್ ಮಾಡೀನ್ರಿ" ಎನ್ನುವಷ್ಟರಲ್ಲಿ ಕಣ್ಣು ತುಂಬಿ ಬಂತು.

"ಗೊತ್ತದ. ಸೊಸಿ ಫೋನಿನ್ಯಾಗ ನಿನ್ನ ಸ್ಕೂಲ್ ಹುಡಕಿಸಿ, ಅಡ್ವರ್ಟೈಸ್ ಓದಿಸಿ ಕೇಳೀನಿ" ಎಂದು ಶಾರದವ್ವ ಕಿಟಕಿಗೆ ಮೊಳಕೈ ಊರಿದಳು. "ಹೇಳೂದಿದ್ರ ನೀವ ಹೇಳ್ರಿ ಅಂತ ಬರದೀ ನೋಡು, ಅದನ್ನ ಕೇಳಿ ವಿಚಾರ ಮಾಡಿದೆ. ನನ್ನ ಹಂತೇಕ ಹೇಳಾಕ ಇನ್ನ ಏನ ಉಳದದ ಅಂತ. ಉಳದಿತ್ತವಾ! ಎರಡ ಸಲ ಫೇಲ್ ಆದದ್ದು ನಿನ್ನ ವಿಡಿಯೋದಾಗ ಇರಲಿಲ್ಲಲಾ? ಸೆರಗ ಬಾಯಾಗ ಇಟಗೊಂಡ ಅತ್ತದ್ದು ಇರಲಿಲ್ಲಲಾ? ಅವತ್ತ ರಾತ್ರಿ ಬಸುನ್ನ ಕುಂದರಿಸಿಕೊಂಡು ಎಲ್ಲಾ ಹೇಳಿದೆ. ಹಿಂದಿನವರಿಗೆ ಕಣ್ಣಿಲ್ಲೇನು ಅಂತ ಟೆಸ್ಟಿನ ಸಾಹೇಬಗ ಕೇಳಿದ್ನಲಾ, ಅದನ್ನ ಕೇಳಿ ಹೊಟ್ಟಿ ಹಿಡಕೊಂಡ ನಕ್ಕ. ಆಮ್ಯಾಲೆ ತಾನ ಎದ್ದ ಹೋಗಿ ಕೀಲಿ ತಂದ ಕೈಯಾಗ ಕೊಟ್ಟ."

"ಫೋನ್ ಯಾಕ ಎತ್ತಲಿಲ್ರಿ ಮತ್ತ?"

"ಸಿಟ್ಟ ಇತ್ತು, ಎತ್ತಲಿಲ್ಲ" ಎಂದಳು ಶಾರದವ್ವ ಸಲೀಸಾಗಿ. "ಈಗ ಇಲ್ಲ." ಕೈಚೀಲದಲ್ಲಿ ಕೈ ಹಾಕಿ ಏನೋ ತಡಕಾಡಿದಳು. "ಇವತ್ತ ಯಾವ ವಾರ ಹೇಳು?"

"ಬುಧವಾರ ರೀ."

ಚೀಲದಿಂದ ಕೊತ್ತಂಬರಿಯ ಕಟ್ಟು ಹೊರಗೆ ಬಂತು. ಶಾರದವ್ವ ಅದನ್ನು ವೈಶಾಲಿಯ ಮೂಗಿನ ಮುಂದೆ ಹಿಡಿದಳು. "ಬುಧವಾರ!" ಎಂದಳು. ಕಟ್ಟು ಬಿಚ್ಚಿ, ಅರ್ಧ ಮುರಿದು ಅವಳ ಮಡಿಲಿಗೆ ಹಾಕಿ, ತನ್ನ ಕಾರಿನ ಕಡೆ ಹೊರಟಳು. ಕಾರು ಹಿಂದೆ ತೆಗೆಯುವ ಮುಂಚೆ ಕತ್ತು ಪೂರ್ತಿ ಹೊರಳಿಸಿ ಎರಡೂ ಭುಜದ ಹಿಂದೆ ನೋಡಿದಳು.

ಬೂದು ಕಾರು ರಸ್ತೆಗೆ ಇಳಿದ ಮೇಲೆ ಹೊಸಬಳು ಬಂದಳು. ಆಚೀಚೆ ನೋಡಿ, ತಟ್ಟನೆ ಒಳಗೆ ಕೂತು ಬಾಗಿಲು ಹಾಕಿಕೊಂಡಳು.

"ಕೊತ್ತಂಬರಿ ಘಮ ಘಮ ಅಂತಿದೆಯಲ್ರಿ. ಹೊರಗೆ ನಿಮ್ಮ ಹತ್ರ ಮಾತಾಡ್ತಿದ್ದೋರು ಯಾರು? ಅವರೂ ಇಲ್ಲೇ ಕಲಿತವರಾ?"

ವೈಶಾಲಿ ಕಣ್ಣೊರೆಸಿಕೊಂಡು ಕೊತ್ತಂಬರಿಯನ್ನು ಹಿಂದಿನ ಸೀಟಿಗಿಟ್ಟಳು. "ನನಗ ಗೊತ್ತಿಲ್ರಿ" ಎಂದಳು. "ಸೀಟ್ ಬೆಲ್ಟ್ ಹಾಕ್ಕೋರಿ, ಹೋಗೂಣು."